ಸಮುದ್ರದ ಸುಣ್ಣದ ಲೆಕ್ಕ

ರಾತ್ರಿ ಹೋಟೆಲಿನ ಬಾಗಿಲೆಳೆದ ಮೇಲೆ ಹಿಂಬದಿಯ ಜಗಲಿಯಲ್ಲಿ ನಾಲ್ವರು ಕುಳಿತು ವೀಳ್ಯದೆಲೆಗೆ ಸುಣ್ಣ ಸವರುವ ಹೊತ್ತು ನಮ್ಮವರಲ್ಲಿ ಅನೇಕರಿಗೆ ದಿನದ ಏಕಮಾತ್ರ ವಿಶ್ರಾಂತಿಯ ಹೊತ್ತು. ಬೆರಳ ತುದಿಯ ಆ ಸುಣ್ಣ ಎಲ್ಲಿಂದ ಬಂತೆಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದರೆ ಕರಾವಳಿಯಿಂದ ಬಂದ ಹಿರಿಯರಿಗೆ ಉತ್ತರ ಗೊತ್ತು. ಹೊಳೆಬಾಯಿಯಲ್ಲಿ ಹೆಕ್ಕಿದ ಮರುವಾಯಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದನ್ನು ಅವರು ಬಾಲ್ಯದಲ್ಲಿ ಕಂಡಿದ್ದಾರೆ. ಸುಣ್ಣವು ಒಂದು ಕಾಲಕ್ಕೆ ಜೀವಿಯೊಂದರ ಮನೆಯಾಗಿತ್ತೆಂಬುದು ಅವರ ಮಟ್ಟಿಗೆ ಶಾಸ್ತ್ರವಾಕ್ಯವಲ್ಲ, ಅನುಭವದ ಮಾತು. ಇಂದು ನಾವು ಹೇಳಹೊರಟಿರುವುದು ಆ ಅನುಭವದ ಮುಂದಿನ ಅಧ್ಯಾಯವನ್ನು.

ಮರುವಾಯಿ ಕಣ್ಣಿಗೆ ಕಾಣುವ ಜೀವಿ. ಕಣ್ಣಿಗೆ ಕಾಣದೆ ಸುಣ್ಣದ ಕವಚ ತೊಟ್ಟು ನಡುಗಡಲಿನಲ್ಲಿ ತೇಲುವ ಜೀವಿಗಳು ಅಸಂಖ್ಯ. ಹೀಗೆ ತೇಲುವ ಜೀವಿಗಳಿಗೆ ಪ್ಲವಕಗಳೆಂದು ಹೆಸರು. ಅವುಗಳಲ್ಲಿ ಕಾಕೊಲಿಥೊಫೋರ್ ಎಂಬ ಸಸ್ಯಜಾತಿಯವು ಒಂದು ಮಿಲಿಮೀಟರಿನ ಅಗಲದಲ್ಲಿ ನೂರರಿಂದ ಇನ್ನೂರರಷ್ಟು ಸಾಲಾಗಿ ನಿಲ್ಲಬಲ್ಲಷ್ಟು ಚಿಕ್ಕವು. ಪ್ರತಿಯೊಂದೂ ಸುಣ್ಣದ ಪುಟ್ಟ ಬಿಲ್ಲೆಗಳನ್ನು ರಚಿಸಿ ಮೈಮೇಲೆ ಜೋಡಿಸಿಕೊಳ್ಳುತ್ತದೆ. ಅನುಕೂಲ ಕಾಲದಲ್ಲಿ ಅವು ವಿಪರೀತವಾಗಿ ವೃದ್ಧಿಹೊಂದಿದಾಗ ಸಮುದ್ರವು ಹಾಲು ಬೆರೆಸಿದ ನೀಲಿಯಂತೆ ಬಣ್ಣ ಬದಲಿಸುತ್ತದೆ. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಲಕ್ಷ ಚದರ ಕಿಲೋಮೀಟರಿಗೂ ಮೀರಿ ಇಂಥ ಹಾಲುಬಣ್ಣ ಹರಡಿದುದನ್ನು ಉಪಗ್ರಹಗಳು ಕಂಡಿವೆ. ಇಂಗ್ಲೆಂಡಿನ ಡೋವರ್ ತೀರದ ಬಿಳಿಯ ಬಂಡೆಗಳು ಬಹುಮಟ್ಟಿಗೆ ಇವುಗಳ ಬಿಲ್ಲೆಗಳೇ. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು.

ಸೂರತದ ನಮ್ಮ ವಾಚಕರು ರಜೆಯ ದಿನ ಡುಮಸ್ ಕಿನಾರೆಗೆ ಹೋದರೆ ಕಾಣುವುದು ಕೆಸರುನೀರು. ಖಂಭಾತ ಕೊಲ್ಲಿಯಲ್ಲಿ ಭಾವನಗರದ ಬಳಿ ಉಬ್ಬರ ಹತ್ತು ಮೀಟರಿಗೂ ಮಿಕ್ಕಿ ಏರುತ್ತದೆ. ಆ ರಭಸಕ್ಕೆ ತಳದ ಮಣ್ಣು ಕದಡಿ ಬೆಳಕು ಒಳಗಿಳಿಯದು. ಬೆಳಕಿಲ್ಲದೆಡೆ ಸಸ್ಯಪ್ಲವಕ ಹುಲುಸಾಗದು. ಆದರೆ ಕೊಲ್ಲಿಯನ್ನು ದಾಟಿ ಸೌರಾಷ್ಟ್ರಕ್ಕೆ ಹೋದವರು ಸುಣ್ಣಜೀವಿಗಳ ಕೈಕೆಲಸವನ್ನು ಕೈಯಿಂದಲೇ ಮುಟ್ಟಬಹುದು. ಪೋರಬಂದರಿನ ಪ್ರಸಿದ್ಧ ಕಟ್ಟಡದ ಕಲ್ಲು ಮಿಲಿಯೋಲೈಟ್ ಎಂಬ ಜಾತಿಯದು. ಸಮುದ್ರತಳದಲ್ಲಿ ಬಾಳಿದ ಮಿಲಿಯೋಲಿಡ್ ಎಂಬ ಸೂಕ್ಷ್ಮಜೀವಿಗಳ ಚಿಪ್ಪು ಅದರಲ್ಲಿ ತುಂಬಿರುವುದರಿಂದ ಆ ಹೆಸರು ಬಂದಿದೆ. ಇವು ತೇಲುವ ಪ್ಲವಕಗಳಲ್ಲ ನಿಜ. ಸುಣ್ಣ ಕಟ್ಟುವ ವಿದ್ಯೆ ಮಾತ್ರ ಒಂದೇ.

ಇಷ್ಟು ಕೇಳಿದೊಡನೆ ಒಂದು ಸುಲಭವಾದ ಸಮಾಧಾನ ಹುಟ್ಟುತ್ತದೆ. ಗಿರಣಿ, ವಾಹನ, ವಿದ್ಯುದಾಗಾರಗಳಿಂದ ಹೊರಡುವ ಇಂಗಾಲಾಮ್ಲ ವಾಯುವನ್ನು, ಎಂದರೆ ಇಂದಿನ ಪಾಠಪುಸ್ತಕದ ಇಂಗಾಲದ ಡೈ ಆಕ್ಸೈಡನ್ನು, ಸಮುದ್ರದ ಈ ಜೀವಿಗಳು ಸುಣ್ಣವಾಗಿ ಕಟ್ಟಿ ತಳಕ್ಕೆ ಒಯ್ಯುತ್ತವಲ್ಲ, ನಮಗೇನು ಚಿಂತೆ ಎಂಬುದೇ ಆ ಸಮಾಧಾನ. ಈ ಮಾತು ಲೆಕ್ಕದ ಒಂದೇ ಪುಟವನ್ನು ಓದಿದವರ ಮಾತು. ಜಮೆಯನ್ನು ನೋಡಿ ಖರ್ಚನ್ನು ಮರೆತ ಗುಮಾಸ್ತನನ್ನು ಯಾವ ಯಜಮಾನನೂ ಇಟ್ಟುಕೊಳ್ಳಲಾರ.

ಖರ್ಚಿನ ಪುಟವನ್ನು ನಮ್ಮ ಅಡಿಗೆಮನೆಯೇ ವಿವರಿಸಬಲ್ಲುದು. ಗೋಳಿಬಜೆಯ ಹಿಟ್ಟಿಗೆ ಚಿಟಿಕೆ ಅಡಿಗೆ ಸೋಡಾ ಹಾಕುವುದೇಕೆ? ಅದು ಕಾದಾಗ ಇಂಗಾಲಾಮ್ಲ ವಾಯುವನ್ನು ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಅಡಿಗೆ ಸೋಡಾ ಒಂದು ಬೈಕಾರ್ಬೊನೇಟ್. ಸಮುದ್ರದ ನೀರಿನಲ್ಲಿ ಕರಗಿರುವ ಇಂಗಾಲದ ಬಹುಭಾಗವೂ ಬೈಕಾರ್ಬೊನೇಟ್ ರೂಪದಲ್ಲೇ ಇದೆ. ಜೀವಿಯು ಸುಣ್ಣದ ಚಿಪ್ಪು ಕಟ್ಟುವಾಗ ಅದರ ಎರಡು ಪಾಲನ್ನು ತೆಗೆದುಕೊಂಡು ಒಂದು ಪಾಲನ್ನು ಚಿಪ್ಪಿನಲ್ಲಿ ಹೂಡುತ್ತದೆ. ಇನ್ನೊಂದು ಪಾಲು ಇಂಗಾಲಾಮ್ಲ ವಾಯುವಾಗಿ ನೀರಿಗೇ ಬಿಡುಗಡೆಯಾಗುತ್ತದೆ. ಬಾಣಲೆಯಲ್ಲಿ ಶಾಖದಿಂದ ನಡೆಯುವುದು ಕಡಲಿನಲ್ಲಿ ಜೀವದಿಂದ ನಡೆಯುತ್ತದೆ, ಅಷ್ಟೇ ಭೇದ. ಕಡಲು ಅದರಲ್ಲೊಂದಂಶವನ್ನು ತಡೆದಿಟ್ಟುಕೊಂಡರೂ, ಹತ್ತು ಪಾಲು ಸುಣ್ಣ ಕಟ್ಟಿದರೆ ಸುಮಾರು ಆರು ಪಾಲು ವಾಯು ಹೊರಗಿನ ಗಾಳಿಗೆ ಸೇರುವ ಸಂಭವವಿದೆ. ಹಾಗಾದರೆ ಈ ಜೀವಿಗಳು ಸಾಲಗಾರರೇ? ಅದೂ ಪೂರ್ಣಸತ್ಯವಲ್ಲ. ಅವು ಸಸ್ಯಗಳಾದುದರಿಂದ ಬಿಸಿಲಿನಲ್ಲಿ ಅದೇ ವಾಯುವನ್ನು ಹೀರಿ ತಮ್ಮ ಮೈಯನ್ನು ಬೆಳೆಸಿಕೊಳ್ಳುತ್ತವೆ. ಸತ್ತ ಮೇಲೆ ಸುಣ್ಣದ ಭಾರವು ಕಲ್ಲು ಕಟ್ಟಿದಂತೆ ಆ ಮೈಯ ಅವಶೇಷವನ್ನು ಆಳಕ್ಕೆಳೆಯುತ್ತದೆ. ಆದರೆ ಮೇಲೆ ಬೆಳೆದುದರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ತಳ ಮುಟ್ಟುತ್ತದೆ. ಉಳಿದುದು ದಾರಿಯಲ್ಲೇ ಕೊಳೆತು ಮರಳಿ ನೀರಿಗೆ ಸಲ್ಲುತ್ತದೆ.

ಇದು ಪರದೇಶದ ಕಡಲಿನ ಮಾತು ಮಾತ್ರವಲ್ಲ. 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಕೇಂದ್ರವು ಗೋವೆಯಲ್ಲಿದೆ. ಆ ಸಂಸ್ಥೆಯೂ ಜರ್ಮನಿಯ ಹಾಂಬುರ್ಗ್ ವಿಶ್ವವಿದ್ಯಾಲಯವೂ ಕೂಡಿ 1986ರಿಂದ ಅರಬ್ಬೀ ಸಮುದ್ರದ ಆಳದಲ್ಲಿ ಆಲಿಕೆಯಂಥ ಬಲೆಗಳನ್ನು ತೂಗಿಬಿಟ್ಟು, ಮೇಲಿನಿಂದ ಉದುರುವ ಸುಣ್ಣದ ಹುಡಿಯನ್ನೂ ಜೀವಾವಶೇಷವನ್ನೂ ಸಂಗ್ರಹಿಸಿದವು. ಮಳೆಗಾಲದ ನೈಋತ್ಯ ಮಾರುತ ಬೀಸಿದಾಗ ಈ ಉದುರುವಿಕೆ ಉಲ್ಬಣಿಸುವುದು ಕಂಡುಬಂತು. ಆ ಗಾಳಿ ಆಳದ ನೀರನ್ನು ಮೇಲಕ್ಕೆತ್ತಿ ಪೋಷಕಗಳನ್ನು ತರುತ್ತದೆ. ಅದರಿಂದಲೇ ಮಲ್ಪೆ, ಮಂಗಳೂರುಗಳ ಬೂತಾಯಿ, ಬಂಗುಡೆಗಳ ಹೊಟ್ಟೆ ತುಂಬುತ್ತದೆ. ಆದರೆ ಅದೇ ಆಳದ ನೀರು ತನ್ನೊಡನೆ ಇಂಗಾಲಾಮ್ಲ ವಾಯುವನ್ನೂ ಹೊತ್ತು ತರುತ್ತದೆ. ಆದುದರಿಂದ ವರ್ಷದ ಒಟ್ಟು ಲೆಕ್ಕದಲ್ಲಿ ನಮ್ಮ ಅರಬ್ಬೀ ಸಮುದ್ರ ಈ ವಾಯುವನ್ನು ಹೀರುವುದಕ್ಕಿಂತ ಹೊರಬಿಡುವುದೇ ಹೆಚ್ಚು. ಇಷ್ಟು ಸಮೃದ್ಧವಾದ ಕಡಲೇ ಹೀಗಿರುವಾಗ ಪ್ಲವಕ ಬೆಳೆದೆಡೆಯಲ್ಲೆಲ್ಲ ಗಾಳಿ ಶುದ್ಧವಾಯಿತೆಂದು ನಂಬುವುದು ಭ್ರಮೆ.

ಬೆಳೆಯನ್ನು ಕೃತಕವಾಗಿ ಹೆಚ್ಚಿಸಿ ನೋಡಿದ ಪ್ರಯೋಗವೂ ನಡೆದಿದೆ. 2009ರ ಆರಂಭದ ತಿಂಗಳುಗಳಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಪೋಲಾರ್‌ಸ್ಟರ್ನ್ ಹಡಗಿನಲ್ಲಿ ಹೋಗಿ, ದಕ್ಷಿಣ ಅಟ್ಲಾಂಟಿಕ್ಕಿನ ಸುಮಾರು 300 ಚದರ ಕಿಲೋಮೀಟರಿನಲ್ಲಿ ಕಬ್ಬಿಣದ ಲವಣವನ್ನು ಕರಗಿಸಿದರು. ಲೋಹಾಫೆಕ್ಸ್ ಎಂಬ ಈ ಪ್ರಯೋಗದ ಹೆಸರಿನಲ್ಲೇ ನಮ್ಮ ‘ಲೋಹ’ವಿದೆ. ಸಸ್ಯಪ್ಲವಕವೇನೋ ಬೆಳೆಯಿತು, ಸಣ್ಣ ಸೀಗಡಿಯಂಥ ಜೀವಿಗಳು ಬಂದು ಅದನ್ನು ಮೇದುಬಿಟ್ಟವು, ಆಳಕ್ಕಿಳಿದ ಇಂಗಾಲ ಅತ್ಯಲ್ಪ. ಕಡಲಿಗೆ ಗೊಬ್ಬರ ಹಾಕಿ ಪಾಪ ಕಳೆದುಕೊಳ್ಳುವೆವೆನ್ನುವವರು ಈ ಫಲಿತಾಂಶವನ್ನು ಗಮನಿಸಬೇಕು.

ಇತ್ತ ಮನುಷ್ಯನ ಖರ್ಚು ಏರುತ್ತಲೇ ಇದೆ. ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ಐವತ್ತಾರು ಕಿಲೋ ಸುಣ್ಣ ಉಳಿದು ನಲವತ್ತನಾಲ್ಕು ಕಿಲೋ ಇಂಗಾಲಾಮ್ಲ ವಾಯು ಹಾರಿಹೋಗುತ್ತದೆ; ಉರುವಲಿನ ಹೊಗೆ ಬೇರೆ. ಸುಣ್ಣ ಬಳಿದ ಗೋಡೆ ಆ ವಾಯುವನ್ನು ನಿಧಾನವಾಗಿ ಮರಳಿ ಹೀರಿ ಗಟ್ಟಿಯಾಗುತ್ತದೆ. ಹಳೆಯ ಗೂಡಿನ ಲೆಕ್ಕ ಇಷ್ಟರಮಟ್ಟಿಗೆ ಪ್ರಾಮಾಣಿಕ. ಸಿಮೆಂಟು ಮರಳಿ ಹೀರುವುದಾದರೂ ಅದು ಹೊರಗೆಡಹಿದುದರ ಒಂದಂಶ ಮಾತ್ರ. ಮಾನವಕೃತ ಇಂಗಾಲಾಮ್ಲದಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನ ತಯಾರಿಕೆಯಿಂದ ಬರುತ್ತದೆ. ಕಲ್ಲಿದ್ದಲು, ತೈಲ, ಅನಿಲಗಳ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು. ಹೀಗೆ ನಾವು ಬಿಡುವುದರಲ್ಲಿ ಸುಮಾರು ಕಾಲು ಭಾಗವನ್ನು ಜಗತ್ತಿನ ಸಾಗರಗಳೆಲ್ಲ ಸೇರಿ ನುಂಗುತ್ತವೆ. ಪರಿಣಾಮವಾಗಿ ಕೈಗಾರಿಕಾಯುಗದ ಮೊದಲಿಗೆ ಹೋಲಿಸಿದರೆ ಸಮುದ್ರಜಲದ ಆಮ್ಲತೆ ಶೇಕಡಾ 30ರಷ್ಟು ಹೆಚ್ಚಿದೆ. ಆಮ್ಲ ಹೆಚ್ಚಿದಂತೆ ಚಿಪ್ಪು ಕಟ್ಟುವುದು ಕಷ್ಟ. ಎಲ್ಲ ಜಾತಿಗಳೂ ಸಮಾನವಾಗಿ ಬಳಲುವುದಿಲ್ಲ ನಿಜ; ಆದರೂ ಪ್ಲವಕದಿಂದ ಹವಳದವರೆಗೆ ಸುಣ್ಣವನ್ನೇ ನೆಚ್ಚಿದ ಒಂದು ಕುಲಕ್ಕೆ ಇದು ಆಪತ್ತು. ಸಮುದ್ರತಳದ ಸುಣ್ಣ ಕರಗಿ ಈ ಆಮ್ಲವನ್ನು ಶಮನಗೊಳಿಸಬಲ್ಲುದು, ಆದರೆ ಅದಕ್ಕೆ ಸಾವಿರಾರು ವರ್ಷ ಬೇಕು. ನಮ್ಮ ಮೊಮ್ಮಕ್ಕಳ ಪಾಲಿಗೆ ಅದು ಬೆಂಕಿ ಬಿದ್ದ ಮೇಲೆ ತೋಡಿದ ಬಾವಿಯೇ ಸರಿ.

ಬೆಳಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿಯ ಒಲೆ ಹಚ್ಚುವ ನಮಗೆ ಈ ವಿಚಾರವೇಕೆ ಎಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲಾಮ್ಲ ಬಂದರೆ ಅಮೆರಿಕನೊಬ್ಬನ ಪಾಲು ಹದಿನಾಲ್ಕು ಟನ್ನಿನಷ್ಟು. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಮಾಣಿಯ ಪಾಲು ಆ ಎರಡು ಟನ್ನಿಗಿಂತಲೂ ಎಷ್ಟು ಕಡಿಮೆಯೆಂದು ಹೇಳಬೇಕಾಗಿಲ್ಲ. ಅಪರಾಧ ಅವನದಲ್ಲ. ಆದರೆ ಊರಿನಲ್ಲಿರುವ ಅವನ ಮನೆ ಕಡಲಿನ ಅಂಚಿನಲ್ಲಿದೆ. ಅವನ ನೆರೆಯವನ ಅನ್ನ ಬೂತಾಯಿಯ ಬಲೆಯಲ್ಲಿದೆ. ನಷ್ಟ ತನ್ನದಾಗಿರುವಾಗ ಲೆಕ್ಕ ಕೇಳುವ ಅಧಿಕಾರವೂ ತನ್ನದೇ. ಅರಿಯದವನು ಕೇಳಲಾರ, ಕೇಳದವನಿಗೆ ಯಾರೂ ಉತ್ತರ ಕೊಡರು.

ಅರಿಯುವ ಅವಕಾಶ ನಮಗೆ ದೂರವೂ ಇಲ್ಲ. ಸಮುದ್ರದ ಬಣ್ಣವನ್ನು ಆಕಾಶದಿಂದ ಓದಿ ಪ್ಲವಕದ ಪ್ರಮಾಣವನ್ನು ಅಳೆಯುವ ಉಪಕರಣವನ್ನು ರೂಪಿಸಿದ್ದು ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರ. 1999, 2009 ಮತ್ತು 2022ರಲ್ಲಿ ಹಾರಿದ ಓಷನ್‌ಸ್ಯಾಟ್ ಉಪಗ್ರಹಗಳು ಅದನ್ನು ಹೊತ್ತೊಯ್ದವು. 1947ರಲ್ಲಿ ವಿಕ್ರಮ ಸಾರಾಭಾಯಿಯವರು ಸ್ಥಾಪಿಸಿದ ಭೌತ ಸಂಶೋಧನಾಲಯವೂ ಇದೇ ನಗರದಲ್ಲಿದ್ದು, ಅರಬ್ಬೀ ಸಮುದ್ರದ ತಳದ ಸುಣ್ಣದ ಚಿಪ್ಪುಗಳಿಂದ ಹಿಂದಿನ ಮಳೆಗಾಲಗಳ ಇತಿಹಾಸವನ್ನು ಓದಿದೆ. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಯು. ಆರ್. ರಾಯರು ಸಾರಾಭಾಯಿಯವರ ಶಿಷ್ಯರಾಗಿ ಸಂಶೋಧನೆ ನಡೆಸಿದ್ದು ಇಲ್ಲಿಯೇ. ಮುಂದೆ ಅವರು ಭಾರತೀಯ ಅಂತರಿಕ್ಷ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, 1988ರಲ್ಲಿ, ಪ್ರಾಯೋಗಿಕ ಹಂತವನ್ನು ದಾಟಿ ನಿತ್ಯಬಳಕೆಗೆಂದು ರೂಪಿಸಿದ ನಮ್ಮ ಪ್ರಥಮ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಕಕ್ಷೆಯನ್ನು ಸೇರಿತು. ಉಡುಪಿ ಎಂಬ ಹೆಸರು ಈ ನಾಡಿಗೆ ದೋಸೆಯೊಡನೆ ಮಾತ್ರ ಬರಲಿಲ್ಲ ಎಂಬುದನ್ನು ನಮ್ಮ ಮಕ್ಕಳು ತಿಳಿಯಲಿ.

ಆದುದರಿಂದ ಅಹಮದಾಬಾದು, ವಡೋದರಾ, ಸೂರತಗಳ ನಮ್ಮ ಸಂಘಗಳ ಮುಂದೆ ಒಂದು ಸೂಚನೆಯನ್ನಿಡುತ್ತೇವೆ. ರಾಜ್ಯೋತ್ಸವದ ಯಕ್ಷಗಾನವೂ ಸಂಗೀತವೂ ಅವಶ್ಯ ನಡೆಯಲಿ. ಅದರೊಡನೆ ವರ್ಷಕ್ಕೊಂದು ದಿನ ಈ ಸಂಸ್ಥೆಗಳ ವಿಜ್ಞಾನಿಯೊಬ್ಬರನ್ನು ಕರೆದು, ಕನ್ನಡದಲ್ಲಾಗಲಿ, ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿಯಾಗಲಿ, ನಮ್ಮ ಹುಡುಗರಿಗೆ ಕೇಳಿಸಬೇಕು. ಸಭೆಯನ್ನು ಹೋಟೆಲುಗಳು ಮುಚ್ಚಿದ ಮೇಲೆಯೇ ಇಡಬೇಕು. ಇಲ್ಲವಾದರೆ ಕೇಳಬೇಕಾದವರು ಬರಲಾರರು. ಮಾಲೀಕರು ಅಂದು ಒಂದು ಗಂಟೆ ಮುಂಚೆ ಬಾಗಿಲೆಳೆದರೆ ಅವರ ಗಲ್ಲಾಪೆಟ್ಟಿಗೆ ಬರಿದಾಗದು.

ಸಮುದ್ರವು ಧರ್ಮಛತ್ರವಲ್ಲ. ಅದಕ್ಕೂ ಜಮಾಖರ್ಚಿನ ಪುಸ್ತಕವಿದೆ; ಅದನ್ನು ಬರೆಯುವವು ಕಣ್ಣಿಗೆ ಕಾಣದ ಜೀವಿಗಳು. ದಿನವಿಡೀ ಇತರರ ಲೆಕ್ಕ ಬರೆಯುವ ನಮ್ಮ ಗುಮಾಸ್ತರಿಗೂ, ಎಲೆಗೆ ಸುಣ್ಣ ಹಚ್ಚಿ ದಿನವನ್ನು ಮುಗಿಸುವ ನಮ್ಮ ಹೋಟೆಲು ಕೆಲಸಗಾರರಿಗೂ ಆ ಪುಸ್ತಕವನ್ನು ಓದಲು ಬಾರದೆಂದು ನಾವು ಒಪ್ಪುವುದಿಲ್ಲ.