ಮಜೂರ ಮಹಾಜನದಿಂದ ಮಂತ್ರಿಪದಕ್ಕೆ

ಕಾರ್ಮಿಕರ ಪರವಾಗಿ ಸರಕಾರದೊಡನೆ ವಾದಿಸುತ್ತಿದ್ದ ಮುಂದಾಳು ತಾನೇ ಸರಕಾರವಾದಾಗ ಏನು ಮಾಡಿಯಾನು? ಈ ಪ್ರಶ್ನೆಗೆ ಮುಂಬಯಿಯಷ್ಟು ದೀರ್ಘವಾದ ಉತ್ತರವನ್ನು ಕಂಡ ನಗರ ಇನ್ನೊಂದಿರಲಾರದು. ಲಾಲಬಾಗ, ಪರಳಗಳ ಗಿರಣಿ ಚಿಮಣಿಗಳು ಉರುಳಿ ಗಗನಚುಂಬಿ ಸೌಧಗಳು ಎದ್ದ ಮೇಲೆ ಈ ವಿಚಾರ ಹಳತಾಯಿತೆಂದು ಕೆಲವರು ಭಾವಿಸಿರಬಹುದು. ನಾವು ಹಾಗೆ ಭಾವಿಸುವುದಿಲ್ಲ.

1898ರಲ್ಲಿ ಸಿಯಾಲಕೋಟದಲ್ಲಿ ಜನಿಸಿದ ಗುಲ್ಜಾರಿಲಾಲ ನಂದಾ ಅವರು ಅಲಾಹಾಬಾದಿನಲ್ಲಿ ಕಾರ್ಮಿಕ ಸಮಸ್ಯೆಗಳನ್ನು ಅಭ್ಯಸಿಸಿ, 1921ರಲ್ಲಿ ಮುಂಬಯಿಯ ನ್ಯಾಶನಲ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾದರು. ಮರುವರ್ಷವೇ ಅಹಮದಾಬಾದಿನ ಮಜೂರ ಮಹಾಜನ ಸಂಘದ ಕಾರ್ಯದರ್ಶಿತ್ವವನ್ನು ವಹಿಸಿ, 1946ರ ವರೆಗೆ ಆ ಹೊಣೆಯನ್ನು ಹೊತ್ತರು. 1918ರ ಗಿರಣಿ ಮುಷ್ಕರದ ಬೆನ್ನಿಗೆ, ಗಾಂಧೀಜಿ ಮತ್ತು ಅನಸೂಯಾಬೆಹೆನ್ ಅವರ ಆಶ್ರಯದಲ್ಲಿ, 1920ರಲ್ಲಿ ಹುಟ್ಟಿದ ಸಂಘವದು. ಪಂಚಾಯ್ತಿಯೇ ಅದರ ಧರ್ಮ; ಮುಷ್ಕರ ಕಟ್ಟಕಡೆಯ ಅಸ್ತ್ರ. ಈ ಧರ್ಮವನ್ನು ನಂದಾ ಅವರು ಮೈಗೂಡಿಸಿಕೊಂಡರು. ಮುಂದೆ ಅದನ್ನೇ ಕಾಯಿದೆಯಾಗಿ ಬರೆದರು.

1937ರಲ್ಲಿ ಮುಂಬಯಿ ವಿಧಾನಸಭೆಗೆ ಆಯ್ಕೆಯಾದ ಅವರು ಬಾಳಾಸಾಹೇಬ ಖೇರರ ಸರಕಾರದಲ್ಲಿ ಪಾರ್ಲಿಮೆಂಟರಿ ಕಾರ್ಯದರ್ಶಿಯಾದರು. 1938ರ ಕೈಗಾರಿಕಾ ವಿವಾದ ಕಾಯಿದೆ ಬಂದುದು ಆಗಲೇ. ಅದು ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವುದೆಂದು ಡಾ. ಅಂಬೇಡಕರ ಹಾಗೂ ಕಮ್ಯುನಿಸ್ಟರು ಜೊತೆಗೂಡಿ ಅದೇ ವರ್ಷದ ನವೆಂಬರ 7ರಂದು ಒಂದು ದಿನದ ಪ್ರತಿಭಟನಾ ಮುಷ್ಕರ ನಡೆಸಿದರು. 1946ರಲ್ಲಿ ನಂದಾ ಅವರು ಕಾರ್ಮಿಕ ಮಂತ್ರಿಯಾದಾಗ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯನ್ನು ಮುಂದೊತ್ತಿದರು. ಕಾರ್ಮಿಕ ನ್ಯಾಯಾಲಯಗಳನ್ನು ಅದು ಕೊಟ್ಟಿತು; ನೋಟೀಸು ಕೊಡದೆ ಸಂಬಳ ಮತ್ತು ಕೆಲಸದ ಷರತ್ತುಗಳನ್ನು ಬದಲಿಸುವ ಮಾಲಿಕರ ಕೈಯನ್ನು ಹಿಡಿಯಿತು. ಇವೇನೂ ಸಣ್ಣ ಲಾಭಗಳಲ್ಲ. ಆದರೆ ಸಂಧಾನದ ಮೆಟ್ಟಿಲುಗಳನ್ನೆಲ್ಲ ಹತ್ತುವ ಮೊದಲು ಹೂಡಿದ ಮುಷ್ಕರ ಅಕ್ರಮವೆನಿಸಿತು. ಒಂದು ಊರಿನ ಒಂದು ಉದ್ಯೋಗಕ್ಕೆ ಒಂದೇ 'ಪ್ರಾತಿನಿಧಿಕ ಸಂಘ'ವು ಮಾತನಾಡತಕ್ಕದ್ದೆಂದಾಯಿತು.

ನಂದಾ ಅವರ ಪ್ರಾಮಾಣಿಕತೆಯ ಬಗ್ಗೆ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಅಹಮದಾಬಾದಿನ ಅಳತೆಗೆ ಹೊಲಿದ ಅಂಗಿಯನ್ನು ಅವರು ಮುಂಬಯಿಗೆ ತೊಡಿಸಿದರೆಂಬುದೇ ನಮ್ಮ ಆಕ್ಷೇಪ. ಅಲ್ಲಿ ಕಾರ್ಮಿಕರ ವಿಶ್ವಾಸವಿದ್ದ ಸಂಘವೂ ಸರಕಾರದ ಮನ್ನಣೆ ಪಡೆದ ಸಂಘವೂ ಒಂದೇ. ಮುಂಬಯಿಯಲ್ಲಿಯೋ, 1928ರ ದೀರ್ಘ ಮುಷ್ಕರದಿಂದ ಕೆಂಬಾವುಟದ ಪರಂಪರೆಯಿತ್ತು. ಇಲ್ಲಿ ಮನ್ನಣೆ ಒಂದೆಡೆ, ಮನಸ್ಸು ಇನ್ನೊಂದೆಡೆ.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಿದ್ದಾಗ ಈ ಬಿರುಕು ಬಾಯ್ದೆರೆಯಿತು. ಕಾಯಿದೆಯ ಕಣ್ಣಿಗೆ ಕಾಣುತ್ತಿದ್ದುದು ರಾಷ್ಟ್ರೀಯ ಮಿಲ್ ಮಜೂರ ಸಂಘ ಮಾತ್ರ. ಕಾರ್ಮಿಕರು ಯಾರನ್ನು ನಂಬಿದ್ದರೋ ಅವರಿಗೆ ಮಾತುಕತೆಯ ಮೇಜಿನಲ್ಲಿ ಸ್ಥಾನವಿರಲಿಲ್ಲ. ಮುಷ್ಕರ ವಿಧಿವತ್ತಾಗಿ ಎಂದೂ ಹಿಂತೆಗೆಯಲ್ಪಡಲಿಲ್ಲ. ಸಾವಿರಾರು ಕುಟುಂಬಗಳು ಮಾತ್ರ ಊರಿನ ಹಾದಿ ಹಿಡಿದವು. ಗಿರಣಿಯ ಬಾಗಿಲು ಮುಚ್ಚಿದರೆ ಎದುರಿನ ಚಹದಂಗಡಿಯ ಒಲೆಯೂ ಆರುತ್ತದೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

1950ರಲ್ಲಿ ನಂದಾ ಅವರು ಯೋಜನಾ ಆಯೋಗಕ್ಕಾಗಿ ದಿಲ್ಲಿಗೆ ತೆರಳಿದರು. ಕೇಂದ್ರದಲ್ಲಿ ಕಾರ್ಮಿಕ ಮತ್ತು ಗೃಹ ಖಾತೆಗಳನ್ನು ವಹಿಸಿದರು. 1964ರಲ್ಲಿಯೂ 1966ರಲ್ಲಿಯೂ ಹಂಗಾಮಿ ಪ್ರಧಾನಿಯಾದರು. ಇಷ್ಟೆಲ್ಲ ಅಧಿಕಾರ ಕಂಡವರು ಆಸ್ತಿ ಮಾಡಲಿಲ್ಲ. 1997ರಲ್ಲಿ ಭಾರತರತ್ನ ಬಂದಿತು. 1998ರ ಜನವರಿ 15ರಂದು ಅಹಮದಾಬಾದಿನಲ್ಲಿಯೇ ಕಣ್ಮುಚ್ಚಿದರು. ಇಂದಿನ ಮಂತ್ರಿಮಹೋದಯರು ಅವರಿಂದ ಕಲಿಯಬೇಕಾದುದು ಈ ಒಂದಂಶವಾದರೂ ಇದೆ.

ಅವರು ಮುಂಬಯಿ ಗೃಹನಿರ್ಮಾಣ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಆ ಪರಂಪರೆಯಲ್ಲಿಯೇ 1977ರಲ್ಲಿ ರೂಪುಗೊಂಡ ಮ್ಹಾಡಾ ಸಂಸ್ಥೆಯು 2012ರಿಂದೀಚೆಗೆ ಗಿರಣಿ ಕಾರ್ಮಿಕರಿಗೆ ಚೀಟಿ ಎತ್ತಿ ಮನೆ ಹಂಚುತ್ತ ಬಂದಿದೆ. ಅರ್ಜಿಗಳು ಲಕ್ಷವನ್ನು ಮೀರಿದ್ದವು. ಮನೆಗಳು ಅದರ ಒಂದಂಶ. 1982ರಲ್ಲಿ ಮೂವತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಉಳಿದವರಿಗೆ ಯಾವ ಜಾಗದಲ್ಲಿ, ಯಾವ ವರ್ಷದೊಳಗೆ ಮನೆ ಸಿಗುವುದೆಂಬುದನ್ನು ಮಹಾರಾಷ್ಟ್ರ ಸರಕಾರವು ದಿನಾಂಕಸಹಿತ ಪ್ರಕಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ.