ಟ್ರಾಮ್ ಕಾಣದ ಊರಿನಲ್ಲಿ ಟ್ರಾಮಿನ ಚಿಂತೆ

ಮದರಾಸಿನಲ್ಲಿ 1953ರಲ್ಲಿ, ಮುಂಬಯಿಯಲ್ಲಿ 1964ರಲ್ಲಿ ಟ್ರಾಮ್ ಸಂಚಾರ ನಿಂತುಹೋಯಿತು. ಅವನ್ನು ಉಳಿಸಿಕೊಂಡಿದ್ದರೆ ಇಂದು ‘ಲೈಟ್ ರೈಲ್’ ಆಗಿ ಬೆಳೆಸಬಹುದಿತ್ತೆಂದು ಹಲವರು ಮರುಗುತ್ತಾರೆ. (ಅದನ್ನು ‘ಹಗುರ ರೈಲು’ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು, ಬೇರೆ ಪದ ನನಗೆ ಹೊಳೆದಿಲ್ಲ.) ಬೆಂಗಳೂರಿಗೆ ಆ ಮರುಕವೂ ಇಲ್ಲ. ಶಿವನಸಮುದ್ರದ ವಿದ್ಯುತ್ತು 1905ರಲ್ಲಿಯೇ ಪೇಟೆಯ ಬೀದಿಗಳನ್ನು ಬೆಳಗಿದರೂ ಟ್ರಾಮ್ ಇಲ್ಲಿಗೆ ಬರಲಿಲ್ಲ.

ನನ್ನ ದೃಷ್ಟಿಯಲ್ಲಿ, ಉಳಿಸಿಕೊಳ್ಳಬೇಕಾಗಿದ್ದುದು ಗಾಡಿಗಿಂತ ಹೆಚ್ಚಾಗಿ ಅದು ಓಡುತ್ತಿದ್ದ ನೆಲ. ಕೊಲ್ಕತ್ತೆ ಟ್ರಾಮನ್ನು ಕೈಬಿಡಲಿಲ್ಲ. ಆದರೆ ಕಾರು, ಬಸ್ಸುಗಳ ನಡುವೆ ಸಿಕ್ಕ ಆ ಗಾಡಿಗಳು ತೆವಳಿದವು, 2024ರಲ್ಲಿ ಅಲ್ಲಿನ ಸರ್ಕಾರ ಒಂದೇ ಮಾರ್ಗವನ್ನು ಉಳಿಸಿಕೊಳ್ಳುವುದಾಗಿ ಹೇಳಿತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ 1960ರಲ್ಲಿ ಟ್ರಾಮನ್ನು ಕಿತ್ತೊಗೆದು, 1994ರಲ್ಲಿ ಕಾರುಗಳಿಂದ ರಸ್ತೆಯನ್ನು ಹಿಂದಕ್ಕೆ ಪಡೆದು ಮತ್ತೆ ಹಳಿ ಹಾಸಿತು. ಅಂಥ ಎದೆಗಾರಿಕೆಯನ್ನು ಹಳೆಯ ಮದರಾಸು ರಸ್ತೆಯಲ್ಲಿ ತೋರಬಲ್ಲವರು ನಮ್ಮಲ್ಲಿ ಯಾರಿದ್ದಾರೆ?

ಆದರೆ ಅಂಥದೊಂದು ನೆಲ ನಮ್ಮಲ್ಲಿ ಉಳಿದಿದೆ. ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ 1864ರಲ್ಲಿ ಬಂದ ರೈಲುಹಾದಿ ಕೃಷ್ಣರಾಜಪುರ, ಬೈಯ್ಯಪ್ಪನಹಳ್ಳಿ, ಬೆಂಗಳೂರು ಪೂರ್ವ ನಿಲ್ದಾಣಗಳನ್ನು ಹಾದು ಇಂದಿಗೂ ಇದೆ. ಅದರ ಮೇಲೆ ಯಾವ ಕಾರೂ ಹತ್ತಲಾರದು. ಇದನ್ನು ಬಿಟ್ಟು ನಾವು ಆಕಾಶ ನೋಡಿದೆವು. 1994ರಲ್ಲಿ ಸರ್ಕಾರ ಕಂಪನಿಯೊಂದನ್ನು ಸ್ಥಾಪಿಸಿತು. ಖಾಸಗಿಯವರ ಜೊತೆಗೂಡಿ ಕಂಬಗಳ ಮೇಲೆ ಹಗುರ ರೈಲು ಓಡಿಸುವ ಆ ಯೋಜನೆ ಕಾಗದದಲ್ಲಿಯೇ ಉಳಿಯಿತು. ಮೆಟ್ರೋ 2011ರ ಅಕ್ಟೋಬರ್ 20ರಂದು ಹಲಸೂರು, ಇಂದಿರಾನಗರಗಳ ಮೂಲಕ ಬೈಯ್ಯಪ್ಪನಹಳ್ಳಿಗೆ ಬಂದಿತು. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ 2023ರ ಮಾರ್ಚಿನಲ್ಲಿ ಓಡತೊಡಗಿತು. ನಡುವಣ ಸುಮಾರು 2 ಕಿಲೋಮೀಟರು ಮಾತ್ರ ಅಕ್ಟೋಬರ್ 9ರವರೆಗೆ ಬಾಕಿ. ಬೆನ್ನಿಗಾನಹಳ್ಳಿಯಲ್ಲಿ ಹೊಸ ಹಳಿ ಹಳೆಯ ಹಳಿಯನ್ನು ದಾಟಬೇಕಾಗಿತ್ತು! ಅಷ್ಟು ತಿಂಗಳೂ ಜನ ಇಳಿದು ಬಸ್ಸು ಹತ್ತಿದರು.

ಮೆಟ್ರೋ ಬೇಡವೆನ್ನುವವನು ನಾನಲ್ಲ. ನನ್ನ ಮಂಡಿನೋವಿಗೆ ಅದರ ಲಿಫ್ಟೇ ಗತಿ. ಆದರೆ 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಮಾಲೂರು, ಬಂಗಾರಪೇಟೆಗಳಿಂದ ದುಡಿಯಲು ಬರುವವರಿಗೆ ಹಳೆಯ ಹಳಿಯೇ ಆಧಾರ. ಆ ಹಳಿಯ ಮಗ್ಗುಲಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ‘ಪಾರಿಜಾತ’ ಎಂಬ ಉಪನಗರ ರೈಲುಮಾರ್ಗಕ್ಕೆ ಕೇಂದ್ರ ಸರ್ಕಾರ 2020ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಹೆಸರು ಅರಳಿದೆ, ರೈಲು ಇನ್ನೂ ಬಂದಿಲ್ಲ. ಮೊದಲು ದಂಡಿನಿಂದ ವೈಟ್‌ಫೀಲ್ಡಿನವರೆಗಾದರೂ ಕಾಲು ಗಂಟೆಗೊಂದು ರೈಲು ಓಡಲಿ, ಪೂರ್ವ ನಿಲ್ದಾಣದಲ್ಲಿಯೂ ತಪ್ಪದೆ ನಿಲ್ಲಲಿ. ಆ ಭಾಗದಲ್ಲಿ ಮನೆಮಾಡಿರುವ ನೀವು ನಿಮ್ಮ ಶಾಸಕರನ್ನು ಈ ಬಗ್ಗೆ ಕೇಳಿರಿ.