ನಡೆದಾಡುವ ಶವಗಳೂ ಕಥೆಯ ಔಚಿತ್ಯವೂ

ಅಮೆರಿಕದ ಎಎಂಸಿ ವಾಹಿನಿಯಲ್ಲಿ 2010ರ ಅಕ್ಟೋಬರ್ 31ರಂದು ಆರಂಭವಾಗಿ 2022ರ ನವೆಂಬರ್ 20ರಂದು ಮುಕ್ತಾಯಗೊಂಡ ‘ದಿ ವಾಕಿಂಗ್ ಡೆಡ್’ ಧಾರಾವಾಹಿಯ ಹೆಸರನ್ನು ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ರಾಬರ್ಟ್ ಕರ್ಕ್‌ಮನ್ 2003ರಲ್ಲಿ ಬರೆಯಲಾರಂಭಿಸಿದ ಕಾಮಿಕ್ಸ್ ಮಾಲೆಯೇ ಇದಕ್ಕೆ ಆಧಾರ. ಸತ್ತವರು ಎದ್ದು ಬಂದು ಬದುಕಿರುವವರನ್ನು ಕಚ್ಚುವ ಲೋಕದಲ್ಲಿ, ಅಳಿದುಳಿದ ಕೆಲವರು ಜೀವ ಹಿಡಿದುಕೊಳ್ಳಲು ಪಡುವ ಪಾಡು ಇದರ ವಸ್ತು. ಇದನ್ನು ನೋಡಿದವರ ಚರ್ಚೆಯಲ್ಲಿ ಎರಡು ಆಕ್ಷೇಪಣೆಗಳು ಮತ್ತೆ ಮತ್ತೆ ಬರುತ್ತವೆ. ‘ಇದು ಸಾಧ್ಯವೇ?’ ಎಂಬುದು ಒಂದು; ‘ಆ ಮೂರ್ಖ ಹಾಗೇಕೆ ಮಾಡಿದ?’ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ರೇಖಾಗಣಿತದ ಪ್ರಮೇಯವನ್ನು ಸಾಧಿಸುವಾಗ ಮೊದಲು ‘ದತ್ತ’ ಎಂದು ಬರೆಯುತ್ತೇವೆ. ದತ್ತವನ್ನು ಯಾವ ವಿದ್ಯಾರ್ಥಿಯೂ ಪ್ರಶ್ನಿಸುವುದಿಲ್ಲ. ಆದರೆ ಮುಂದಿನ ಒಂದೊಂದು ಹೆಜ್ಜೆಗೂ ಕಾರಣ ಕೊಡದಿದ್ದರೆ ಅಂಕ ದೊರೆಯುವುದಿಲ್ಲ. ಕಥೆಗೂ ಇದೇ ನಿಯಮ. ವಿಕ್ರಮನ ಹೆಗಲೇರಿದ ಶವದೊಳಗಿಂದ ಬೇತಾಳ ಹೇಗೆ ಮಾತನಾಡಿತೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅದು ಕಥೆ ಹೇಳಿ ಮುಗಿಸಿ, ಪಾತ್ರಗಳ ನಡತೆಯ ಮೇಲೆ ಹಾಕಿದ ಪ್ರಶ್ನೆಗೆ ಸರಿಯಾದ ಉತ್ತರ ಯಾವುದೆಂದು ಮಾತ್ರ ತಲೆಕೆಡಿಸಿಕೊಂಡೆವು. ಆದ್ದರಿಂದ ಸತ್ತ ದೇಹಕ್ಕೆ ನಡೆಯುವ ಶಕ್ತಿ ಎಲ್ಲಿಂದ ಬಂತೆಂದು ಕೇಳುವುದು ಇಲ್ಲಿ ಅಪ್ರಸ್ತುತ. ಅದು ಕಥೆಗಾರ ನಮ್ಮಿಂದ ಪಡೆದ ಒಂದೇ ಒಂದು ಸಾಲ.

ಆ ಸಾಲದ ಆಚೆಗೆ ಆತ ತನ್ನ ನಿಯಮಕ್ಕೆ ತಾನೇ ಬದ್ಧ. ಕಚ್ಚಿಸಿಕೊಳ್ಳದೆ ಸತ್ತವರೂ ಏಳುತ್ತಾರೆ, ಮೆದುಳು ನಾಶವಾದರೆ ಮಾತ್ರ ಏಳುವುದಿಲ್ಲ ಎಂಬುದು 2012ರಲ್ಲಿ ಮುಗಿದ ಎರಡನೆಯ ಸೀಸನ್‌ನಲ್ಲಿ ಸ್ಪಷ್ಟವಾಯಿತು. ಈ ನಿಯಮವನ್ನು ಕಥೆ ಬಹುಮಟ್ಟಿಗೆ ಪಾಲಿಸಿದೆ. ಆದರೆ ಶವ ನಡೆಯುವ ಲೋಕದಲ್ಲಿಯೂ ಪೆಟ್ರೋಲು ಪೆಟ್ರೋಲೇ ಆಗಿರಬೇಕಷ್ಟೆ. ಗಾಳಿಯ ಸಂಪರ್ಕದಲ್ಲಿ ಅದು ತಿಂಗಳುಗಳಲ್ಲಿ ಕೆಡುತ್ತಾ ಅಂಟುಗಟ್ಟುತ್ತದೆ. ಸಂಸ್ಕರಣಾಗಾರಗಳು ನಿಂತು ವರ್ಷ ಕಳೆದ ಮೇಲೂ ಕಾರುಗಳು ಓಡುತ್ತಿದ್ದುದನ್ನು ಪ್ರೇಕ್ಷಕರು ಆಕ್ಷೇಪಿಸಿದ್ದು ನ್ಯಾಯವೇ ಆಗಿದೆ. 2018ರಲ್ಲಿ ಬಂದ ಒಂಬತ್ತನೆಯ ಸೀಸನ್‌ನಲ್ಲಿ ಕುದುರೆಗಳೂ ಗಾಡಿಗಳೂ ಕಾಣಿಸಿಕೊಂಡವು. ತಡವಾದರೂ ಸರಿಯಾದ ಕ್ರಮ.

ಇನ್ನು ಪಾತ್ರಗಳ ನಿರ್ಧಾರಗಳ ವಿಷಯ. ಎರಡನೆಯ ಸೀಸನ್‌ನ ಹರ್ಷೆಲ್ ಎಂಬ ವೃದ್ಧ ರೈತ ಪಶುವೈದ್ಯನೂ ಹೌದು. ಎದ್ದುಬಂದ ಶವಗಳನ್ನು ಆತ ರೋಗಿಗಳೆಂದೇ ತಿಳಿದು, ತನ್ನ ಹೆಂಡತಿಯನ್ನೂ ಸೇರಿಸಿ ಹಲವರನ್ನು ಕಣಜದ ಕೊಟ್ಟಿಗೆಯಲ್ಲಿ ಕೂಡಿಹಾಕಿ, ಕೋಳಿಗಳನ್ನು ಉಣಿಸುತ್ತಿರುತ್ತಾನೆ. ಇಂಥ ಹುಚ್ಚನಿರಲು ಸಾಧ್ಯವೇ ಎಂದು ಗೇಲಿ ಮಾಡಿದವರು ಬಹಳ. ಆದರೆ ಪ್ರೇಕ್ಷಕನಿಗೆ ಗೊತ್ತಿರುವುದು ಹರ್ಷೆಲನಿಗೆ ಗೊತ್ತಿಲ್ಲ. ಎದುರಿಗೆ ನಿಂತಿರುವುದು ಹೆಂಡತಿಯ ಮುಖ. ಆಕೆ ಸತ್ತಳೆಂದು ಒಪ್ಪಿಕೊಂಡ ಕ್ಷಣವೇ ಆತ ವಿಧುರ. ಆ ಕ್ಷಣವನ್ನು ಮುಂದೂಡಲು ಮನುಷ್ಯ ಏನನ್ನಾದರೂ ನಂಬಿಯಾನು.

2011ರ ನವೆಂಬರ್ 27ರಂದು ಪ್ರಸಾರವಾದ ಕಂತಿನಲ್ಲಿ ಶೇನ್ ಎಂಬವನು ಆ ಕೊಟ್ಟಿಗೆಯ ಬಾಗಿಲನ್ನು ಒಡೆಯುತ್ತಾನೆ. ಎಲ್ಲರೂ ದಿನಗಟ್ಟಲೆ ಹುಡುಕುತ್ತಿದ್ದ ಸೋಫಿಯಾ ಎಂಬ ಬಾಲೆ ಕೊನೆಗೆ ಅಲ್ಲಿಂದಲೇ ಶವವಾಗಿ ನಡೆದು ಬರುತ್ತಾಳೆ. ಶವಗಳ ವಿಷಯದಲ್ಲಿ ಶೇನ್ ಹೇಳಿದ್ದು ನಿಜ. ಅಷ್ಟಾದರೂ ಹರ್ಷೆಲನ ಕಣ್ಣೆದುರಿಗೇ ಆತ ಕೂಡಿಹಾಕಿದ್ದವರಿಗೆ ಗುಂಡು ಹೊಡೆಯುವ ಅಧಿಕಾರ ಆ ನಿಜದಿಂದ ಅವನಿಗೆ ಬಂತೇ? ನಿಜ ತಿಳಿದವನಿಗೂ ದಾರಿ ತಪ್ಪಬಹುದೆಂಬುದನ್ನು ಈ ಕಂತು ಹೇಳುತ್ತದೆ. ಹರ್ಷೆಲನನ್ನು ಬರಿಯ ಮೂರ್ಖನೆಂದು ತಳ್ಳಿಹಾಕಿದವರಿಗೆ ಈ ಪ್ರಶ್ನೆಯೇ ಕಾಣುವುದಿಲ್ಲ.

ಮೊದಲ ಸೀಸನ್‌ನ ಜಿಮ್ ತನ್ನನ್ನು ಶವವೊಂದು ಕಚ್ಚಿದ್ದನ್ನು ಬಟ್ಟೆಯ ಮರೆಯಲ್ಲಿ ಮುಚ್ಚಿಡುತ್ತಾನೆ. ಜೊತೆಯವರಿಗೆ ಅಪಾಯವೆಂದು ಗೊತ್ತಿದ್ದೂ ಯಾರು ಹಾಗೆ ಮಾಡುತ್ತಾರೆಂದು ಅದು ಬಂದ ಕಾಲದಲ್ಲಿ ಕೇಳಬಹುದಾಗಿತ್ತು. 2020ರ ಅನುಭವದ ನಂತರ ಕೇಳಲಾಗದು. ಜ್ವರವನ್ನು ಮುಚ್ಚಿಟ್ಟವರನ್ನೂ, ಪ್ರಯಾಣದ ವಿವರವನ್ನು ಹೇಳದೆ ಉಳಿದವರನ್ನೂ, ಕ್ವಾರಂಟೈನ್‌ಗೆ ಒಯ್ಯುತ್ತಾರೆಂದು ಹೆದರಿ ಪರೀಕ್ಷೆಗೆ ಬಾರದವರನ್ನೂ ಆ ವರ್ಷ ನಾವು ಕಂಡೆವು. ಅವರಲ್ಲಿ ಹೆಚ್ಚಿನವರು ದುಷ್ಟರಲ್ಲ. ಮನೆಯವರಿಂದ ಬೇರೆಯಾಗಲು, ಊರಿನ ಕಣ್ಣಿಗೆ ಬೀಳಲು ಅಂಜಿದವರು. ಕಥೆಯಲ್ಲಿ ಅಸಂಭವವೆಂದು ತೋರಿದ್ದು ನಮ್ಮ ಬೀದಿಯಲ್ಲಿಯೇ ನಡೆಯಿತು.

ಹಾಗಾದರೆ ಈ ಧಾರಾವಾಹಿ ನಿರ್ದೋಷಿಯೇ? ಖಂಡಿತ ಅಲ್ಲ. ಅದರ ದೊಡ್ಡ ಅಪರಾಧ ಬೇರೆ ಕಡೆ ಇದೆ. 2015ರ ಅಕ್ಟೋಬರ್ 25ರ ಕಂತಿನಲ್ಲಿ ಗ್ಲೆನ್ ಎಂಬ ಜನಪ್ರಿಯ ಪಾತ್ರ ಶವಗಳ ಗುಂಪಿನ ನಡುವೆ ಬೀಳುತ್ತದೆ. ಕ್ಯಾಮೆರಾ ಅವನ ಮುಖವನ್ನೂ ಹರಿಯುವ ಕರುಳನ್ನೂ ತೋರಿಸಿ, ಅವನು ಸತ್ತನೆಂದೇ ನಂಬಿಸುತ್ತದೆ. ಮುಂದಿನ ಕಂತುಗಳ ಶೀರ್ಷಿಕೆಯಿಂದ ನಟನ ಹೆಸರನ್ನೂ ತೆಗೆಯಲಾಯಿತು. ನವೆಂಬರ್ 22ರಂದು ನೋಡಿದರೆ, ಕರುಳು ಅವನ ಮೇಲೆ ಬಿದ್ದಿದ್ದ ಇನ್ನೊಬ್ಬನದು. ಗ್ಲೆನ್ ಪಕ್ಕದ ಕಸದ ತೊಟ್ಟಿಯ ಕೆಳಗೆ ತೆವಳಿ ಬದುಕಿದ್ದ! ತೊಟ್ಟಿಯ ಕೆಳಗೆ ಒಬ್ಬ ಮನುಷ್ಯ ಹಿಡಿಸುವುದು ಅಸಾಧ್ಯವೇನಲ್ಲ. ಆದರೆ ನಂಬಲು ಬಾರದ ಸಾಧ್ಯಕ್ಕಿಂತ ನಂಬಲು ಬರುವ ಅಸಾಧ್ಯವೇ ಕಾವ್ಯಕ್ಕೆ ಮೇಲೆಂದು ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತಿಳಿಸಿದ್ದಾನೆ. ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದ ನಮ್ಮ ಕ್ಷೇಮೇಂದ್ರನೂ ಇದನ್ನು ಒಪ್ಪುತ್ತಿರಲಿಲ್ಲ. ಇಲ್ಲಿ ತಪ್ಪಿದವನು ಗ್ಲೆನ್ ಅಲ್ಲ, ಪ್ರೇಕ್ಷಕನ ದುಃಖವನ್ನು ನಾಲ್ಕು ವಾರ ಆಟದ ವಸ್ತುವಾಗಿಸಿದ ಕಥೆಗಾರ. ಮುಂದೆ 2016ರ ಅಕ್ಟೋಬರ್‌ನಲ್ಲಿ ಗ್ಲೆನ್ ನಿಜವಾಗಿ ಸತ್ತಾಗ ಎಷ್ಟೋ ಮಂದಿಗೆ ಮರುಕಕ್ಕಿಂತ ಬೇಸರವೇ ಹೆಚ್ಚಾಯಿತೆಂದರೆ ಆಶ್ಚರ್ಯವೇನು?

ಪಾತ್ರ ತಪ್ಪು ಮಾಡಿದರೆ ಅದು ಕಥೆಯ ದೋಷವಲ್ಲ. ತಪ್ಪು ಮಾಡದವರಿಗೆ ಕಥೆಯೇ ಇರುವುದಿಲ್ಲ. ಆ ತಪ್ಪು ಅವನ ಸ್ವಭಾವದಿಂದ, ಅವನಿಗಿದ್ದ ತಿಳಿವಳಿಕೆಯಿಂದ ಹುಟ್ಟಿತೋ ಅಥವಾ ಮುಂದಿನ ಕಂತಿಗೆ ಕುತೂಹಲ ಬೇಕೆಂದು ಕಥೆಗಾರ ಹೇರಿದನೋ ಎಂಬುದನ್ನು ಕೇಳಬೇಕು. ಹರ್ಷೆಲ್ ಮತ್ತು ಜಿಮ್ ಈ ಪರೀಕ್ಷೆಯಲ್ಲಿ ಉತ್ತೀರ್ಣರು. ಕಿರಿಯರು ಇಂಥ ಕಥೆಗಳನ್ನು ನೋಡಿ ವಾದಿಸಲಿ, ಅದು ಒಳ್ಳೆಯ ಅಭ್ಯಾಸ. ಆದರೆ ಸೋಫಾದ ಮೇಲೆ ಕುಳಿತು ಯಾರನ್ನಾದರೂ ಮೂರ್ಖನೆನ್ನುವ ಮೊದಲು, ಆ ಕ್ಷಣದಲ್ಲಿ ಅವನಿಗೆ ಏನು ಗೊತ್ತಿತ್ತು, ಯಾರನ್ನು ಕಳೆದುಕೊಳ್ಳುವ ಭಯವಿತ್ತು ಎಂದು ಒಮ್ಮೆ ಯೋಚಿಸಲಿ. ಈ ಅಭ್ಯಾಸ ನೆರೆಹೊರೆಯವರ ವಿಷಯದಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಭಿನ್ನಾಭಿಪ್ರಾಯವುಳ್ಳ ಸಹೃದಯರು ತಮ್ಮ ವಾದವನ್ನು ಧಾರಾಳವಾಗಿ ಮಂಡಿಸಬಹುದು.